ಮೆಷಿನ್ ಕೆಳಗಿನ ಸಹಿ

ಹೆರಿಗೆ ಕೋಣೆಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ನೆಲದ ಮೇಲೆ ನಾಲ್ಕು ಕಪ್ಪು ಕಲೆಗಳಿದ್ದವು. ಆಕ್ಸಿಜನ್ ಮೆಷಿನ್ನಿನ ಗಾಲಿಗಳು ಅಲ್ಲೇ ನಿಂತೂ ನಿಂತೂ ಬಿದ್ದ ಕಲೆಗಳು. ಆ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ನೆಲ ಒರೆಸಿದ ಆಯಮ್ಮನ ಕೈಗೆ ಬಗ್ಗದೆ ಉಳಿದದ್ದು ಅವು ನಾಲ್ಕೇ. ಫಿನಾಯಿಲ್ ಹಾಕಿದಳು, ಸೋಡಾಪುಡಿ ಹಾಕಿದಳು, ಬ್ಲೇಡಿನಿಂದ ಕೆರೆದಳು. "ಇರಲಿ ಬಿಡಿ ಆಯಮ್ಮ, ಮೆಷಿನ್ ಎಲ್ಲಿಡಬೇಕು ಅಂತಾದ್ರೂ ಗೊತ್ತಾಗುತ್ತೆ" ಎಂದು ಕೊನೆಗೆ ಸಿಸ್ಟರ್ ನಕ್ಕಿದ್ದಳು.

ಆಯಮ್ಮ ಅಲ್ಲಿ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ನಾಲ್ಕು ವರ್ಷ. ಗಂಡ ಹೇಳದೆ ಕೇಳದೆ ಎದ್ದುಹೋಗಿದ್ದ. ಸೊಂಟದ ಮೇಲೆ ಎರಡು ವರ್ಷದ ಮಗಳಿದ್ದಳು. ಮಗಳು ಆಡಿ ಬೆಳೆದದ್ದು ಔಷಧಿಯ ಖಾಲಿ ಡಬ್ಬಗಳ ಜೊತೆ, ಅಕ್ಷರ ಕೂಡಿಸಿ ಓದಲು ಕಲಿತದ್ದು ಗೋಡೆಯ ಲಸಿಕೆ ಪೋಸ್ಟರುಗಳನ್ನು ನೋಡಿ. ತಾಯಿಗೆ ಮಾತ್ರ ಅಂಕಿ ಬರೆಯುವುದು, ಸಹಿ ಹಾಕುವುದು, ಇಷ್ಟೇ ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ಹನ್ನೊಂದು ಡಾಕ್ಟರುಗಳು ಬಂದುಹೋದರು. ಹೊಸಬರು ಬಂದಾಗಲೆಲ್ಲ ಅವಳದು ಒಂದೇ ಮಾತು: "ಒಂದು ವರ್ಷ ಇರಿ ಡಾಕ್ಟ್ರೇ, ಆಮೇಲೆ ನಿಮಗೇ ಅಂತ ಒಂದು ಲೋಟ ಇಡ್ತೀನಿ." ಹನ್ನೊಂದರಲ್ಲಿ ಸ್ವಂತ ಲೋಟ ಕಂಡವರು ಮೂವರೇ.

ಆಯಮ್ಮ ಕೋಪಿಷ್ಠೆಯಲ್ಲ. ಕೋಪ ಬರುತ್ತದೆ, ಹೋಗುತ್ತದೆ. ಅವಳದು ಹಗೆ; ಅದು ಬಂದರೆ ಮನೆ ಮಾಡಿಕೊಂಡು ಇರುವಂಥದ್ದು. ಹಿಂದೊಮ್ಮೆ ಒಬ್ಬ ಕಾಂಪೌಂಡರ್ ಹತ್ತಿಯ ಕಟ್ಟು ಕದ್ದಳೆಂದು ಅವಳ ಮೇಲೆ ಗೂಬೆ ಕೂರಿಸಿದ. ಅವನ ಮೇಜಿನ ಹಿಂದೆಯೇ ಕಟ್ಟು ಸಿಕ್ಕಿತು, ಅವನು ಕ್ಷಮೆಯನ್ನೂ ಕೇಳಿದ. ಆಯಮ್ಮ "ಆಯ್ತು" ಎಂದಳು. ಆಮೇಲಿನ ಮೂರು ವರ್ಷ, ಅವನಿಗೆ ವರ್ಗವಾಗುವವರೆಗೂ, ಅವನು ಬರುವ ಹೊತ್ತಿಗೆ ಸರಿಯಾಗಿ ಅವನ ಕೋಣೆಯ ನೆಲ ಒರೆಸಿದಳು. ಮೂರು ವರ್ಷ ಆ ಮನುಷ್ಯ ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಡೆದ.

ಇಂಥವಳ ಮುಂದೆ ಬಂದು ನಿಂತವನು ಶೇಕಡಾ ನೂರು. ಅವನು ಆ ವಲಯದ ದೊಡ್ಡ ಆರೋಗ್ಯಾಧಿಕಾರಿ. ಮೂರು ಕೇಂದ್ರಗಳು ಅವನ ಕೈಕೆಳಗಿದ್ದವು. ಲಸಿಕೆ ಎಷ್ಟಾಯಿತು ಎಂದರೂ "ಶೇಕಡಾ ನೂರು", ಗರ್ಭಿಣಿಯರ ತಪಾಸಣೆ ಎಷ್ಟು ಎಂದರೂ "ಶೇಕಡಾ ನೂರು" ಎನ್ನುತ್ತಿದ್ದರಿಂದ ಅದೇ ಅವನ ಹೆಸರಾಯಿತು. ಬೂಟು ಹಾಕಿಕೊಂಡೇ ಹೆರಿಗೆ ಕೋಣೆಗೆ ನುಗ್ಗುತ್ತಿದ್ದ. ಹೊರಗೆ ಬಿಡಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವನಿಗೆ ಬಹುವಚನ ಬೇಕಾದವರು ಹಾಕಿಕೊಳ್ಳಲಿ. ಈ ಕಥೆಯಲ್ಲಿ ಏಕವಚನವೇ ಗತಿ.

ಸರ್ಕಾರ ಮೂರು ಕೇಂದ್ರಗಳಿಗೂ ಒಂದೊಂದು ಆಕ್ಸಿಜನ್ ಮೆಷಿನ್ ಕೊಟ್ಟಿತ್ತು. ವರ್ಷ ತುಂಬುವುದರೊಳಗೆ ಎರಡು ಕೆಟ್ಟು ಕೂತವು. ಕೆಟ್ಟಿವೆ ಎಂದು ಒಂದು ಸಾಲು ಬರೆದಿದ್ದರೆ ರಾಜಧಾನಿಯಿಂದ ರಿಪೇರಿಯವರು ಬರುತ್ತಿದ್ದರು. ಆದರೆ ಬರೆದರೆ ನೂರು ಹೋಗಿ ಮೂವತ್ಮೂರು ಆಗುತ್ತದಲ್ಲ! ಹಾಗಾಗಿ ಮೂರೂ ಚೆನ್ನಾಗಿವೆ ಎಂದು ವರದಿ ಹೋಯಿತು. ಚೆನ್ನಾಗಿರುವುದನ್ನು ಯಾರು ರಿಪೇರಿ ಮಾಡುತ್ತಾರೆ? ಯಾರಾದರೂ ನೋಡಲು ಬರುತ್ತಾರೆಂದರೆ ಆಯಮ್ಮನ ಕೇಂದ್ರದ ಮೆಷಿನ್ನನ್ನು ಆಂಬುಲೆನ್ಸಿಗೆ ಏರಿಸಿ, ಸ್ಟೋರ್ ಗುಮಾಸ್ತ ಅದರ ಮೇಲೆ ಬೇರೆ ನಂಬರಿನ ಚೀಟಿ ಅಂಟಿಸಿ, ಉಳಿದ ಎರಡು ಕಡೆಗೂ ಮೆರವಣಿಗೆ ಮಾಡಿಸುತ್ತಿದ್ದರು. ಊರಿಗೊಬ್ಬಳೇ ಪದ್ಮಾವತಿ ಅಂತಾರಲ್ಲ, ಹಾಗೆ ಮೂರು ಕೇಂದ್ರಕ್ಕೆ ಅದೊಂದೇ ಮೆಷಿನ್. ಆಯಮ್ಮನಿಗೆ ಇದು ಗೊತ್ತಿತ್ತು. ದೊಡ್ಡವರ ನಾಟಕ, ನಮಗೇನು, ಎಂದು ನಕ್ಕು ಸುಮ್ಮನಿದ್ದಳು. ಆ ನಗುವಿಗಾಗಿ ಆಮೇಲೆ ತನ್ನನ್ನೇ ಎಷ್ಟು ಬೈದುಕೊಂಡಳೋ ಅವಳಿಗೇ ಗೊತ್ತು.

ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಳು. ಬಸುರಿಯಾದಾಗ ಅತ್ತೆ ದೊಡ್ಡಾಸ್ಪತ್ರೆಗೆ ಹೋಗೋಣ ಎಂದರೂ ಅವಳು ಒಪ್ಪಲಿಲ್ಲ. "ನಮ್ಮಮ್ಮ ಒರೆಸಿದ ಕೋಣೆಗಿಂತ ಚೊಕ್ಕವಾದ ಜಾಗ ಎಲ್ಲಿದೆ?" ಎಂದಳು. ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ನೋವು ಶುರುವಾಗಿ ಬಂದು ಮಲಗಿದಳು. ಒಂಬತ್ತಕ್ಕೆ ಗುಮಾಸ್ತ, ಡ್ರೈವರ್ ಇಬ್ಬರೂ ಬಂದರು. ಎರಡನೇ ಕೇಂದ್ರದಲ್ಲಿ ಶೇಕಡಾ ನೂರು ಮೆಷಿನ್ನಿನ ಒಂದು ಫೋಟೋ ತೆಗೆಸಿ ರಾಜಧಾನಿಗೆ ಕಳಿಸಬೇಕಂತೆ, ಮಧ್ಯಾಹ್ನಕ್ಕೆಲ್ಲ ವಾಪಸ್ ಅಂತೆ. ಮೆಷಿನ್ ಉರುಳಿಸಿಕೊಂಡು ಹೋಗುವಾಗ ಬಾಗಿಲು ಹಿಡಿದುಕೊಂಡು ನಿಂತವಳು ಆಯಮ್ಮನೇ.

ಹನ್ನೊಂದು ಹತ್ತಕ್ಕೆ ಹೆಣ್ಣುಮಗು ಹುಟ್ಟಿತು. ಒಂದೇ ಒಂದು ಸಲ, ಬೆಕ್ಕಿನ ಮರಿಯ ಹಾಗೆ, ಎಳೆಯ ದನಿಯಲ್ಲಿ ಅತ್ತಿತು. ಆಮೇಲೆ ತುಟಿ ನೀಲಿಯಾಯಿತು. ಸಿಸ್ಟರ್ ಮೂಲೆಗೆ ಓಡಿದಳು. ಮೂಲೆಯಲ್ಲಿ ನಾಲ್ಕು ಕಲೆಗಳಿದ್ದವು. ದೊಡ್ಡಾಸ್ಪತ್ರೆಗೆ ಸಾಗಿಸಲು ಆಂಬುಲೆನ್ಸೂ ಇರಲಿಲ್ಲ, ಅದು ಮೆಷಿನ್ ಹೊತ್ತುಕೊಂಡು ಹೋಗಿತ್ತು. ಡಾಕ್ಟರು ಶೇಕಡಾ ನೂರಿಗೆ ಫೋನ್ ಮಾಡಿ ಗಾಡಿ ಕಳಿಸಿ ಎಂದು ಅಂಗಲಾಚಿದರು. "ಫೋಟೋ ಆದ ತಕ್ಷಣ" ಎಂದು ಅವನು ಫೋನ್ ಇಟ್ಟ. ಡಾಕ್ಟರು ಕೈಯಲ್ಲೇ ಚೀಲ ಒತ್ತಿ ಗಾಳಿ ಕೊಡುತ್ತ ಕೂತರು. ಹನ್ನೊಂದು ಐವತ್ತಕ್ಕೆ ಒತ್ತುವುದನ್ನು ನಿಲ್ಲಿಸಿದರು.

ಮತ್ತೊಂದು ಫೋನಾಯಿತು. ಪಕ್ಕದಲ್ಲೇ ಇದ್ದ ಆಯಮ್ಮನಿಗೆ ಆ ಕಡೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಉಸಿರಾಡಿತ್ತು ಅಂತ ಬರೆದ್ರೆ ತನಿಖೆ ಬರುತ್ತೆ ಕಣ್ರೀ. ಸತ್ತೇ ಹುಟ್ತು ಅಂತ ಬರೀರಿ." ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಕೆಲಸಕ್ಕೆ ಹೊಸಬರು. ಬರೆದರು. ಬರೆದು, ತಲೆ ಎತ್ತದೆ, "ಆಯಮ್ಮ, ಮಗಳಿಗೂ ಹಾಗೇ ಹೇಳಿ. ಭಾರ ಕಡಿಮೆ ಆಗುತ್ತೆ" ಎಂದರು.

ಆಯಮ್ಮ ಒಳಗೆ ಹೋದಳು. ಮಗಳು ಕೇಳಿದಳು: "ಅತ್ತಿತಲ್ವಾ ಅಮ್ಮಾ? ನನಗೆ ಕೇಳಿಸ್ತು."

"ಇಲ್ಲ ಕಂದಾ. ಅದು ಟ್ರಾಲಿ ಸದ್ದು" ಎಂದಳು ಆಯಮ್ಮ.

ಭಾರವೇನೂ ಕಡಿಮೆಯಾಗಲಿಲ್ಲ. ಮಗಳು ಮಾತು ಬಿಟ್ಟಳು. ಅತ್ತೆ ಅವರಿವರ ಮುಂದೆ, "ಸತ್ತು ಹುಟ್ಟಿದ್ದಕ್ಕೆ ಯಾರಾದ್ರೂ ಇಷ್ಟು ದಿನ ಅಳ್ತಾರಾ?" ಎಂದು ಆಡಿಕೊಂಡಳು. ಆದರೂ ಆಯಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಹಗೆ ಬಂದು ಅವಳೊಳಗೆ ಹಾಸಿಗೆ ಬಿಚ್ಚಿದ್ದು ತಿಂಗಳ ಸಭೆಯ ದಿನ. ಅವಳು ಟ್ರೇ ಹಿಡಿದು ಎಲ್ಲರಿಗೂ ನೀರು ಕೊಡುತ್ತಿದ್ದಳು. ಶೇಕಡಾ ನೂರು ಎದ್ದು ನಿಂತು, "ಈ ತಿಂಗಳು ನಮ್ಮ ವಲಯದಲ್ಲಿ ಶಿಶುಮರಣ ಸೊನ್ನೆ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರು ಮೇಜು ನೋಡುತ್ತ ತಟ್ಟಿದರು. ಆಯಮ್ಮನ ಕೈಯಲ್ಲಿ ಟ್ರೇ ಇತ್ತು, ಇಲ್ಲದಿದ್ದರೆ ಆ ಕೈ ಏನು ಮಾಡುತ್ತಿತ್ತೋ ಹೇಳಲಾಗದು. ನನ್ನ ಮೊಮ್ಮಗಳು ಸೊನ್ನೆಯೇನೋ, ಎಂದು ಅವಳು ಮನಸ್ಸಿನಲ್ಲೇ ಕೇಳಿದಳು. ಆ ಸೊನ್ನೆಯನ್ನು ಇವನ ಕೈಯಿಂದಲೇ ಅಳಿಸಿ, ಮಗು ಬದುಕಿತ್ತು ಎಂದು ಇವನ ಕೈಯಿಂದಲೇ ಬರೆಸದಿದ್ದರೆ ನಾನು ಆಯಮ್ಮನೇ ಅಲ್ಲ.

ಮೊದಲು ನೆಟ್ಟಗಿನ ದಾರಿ ಹಿಡಿದಳು. ಮೂರನೇ ಮನೆಯ ಟೀಚರ್ ಹತ್ತಿರ ಬರೆಸಿ, ಕೇಂದ್ರದ ಬಾಗಿಲಲ್ಲಿದ್ದ ದೂರು ಪೆಟ್ಟಿಗೆಗೆ ಕಾಗದ ಹಾಕಿದಳು. ಪೆಟ್ಟಿಗೆಯ ಬೀಗದ ಕೈ ಶೇಕಡಾ ನೂರಿನ ಬಳಿಯೇ ಇತ್ತು. ಹತ್ತು ದಿನಕ್ಕೆ "ಪರಿಶೀಲಿಸಲಾಗಿದೆ, ದೂರು ಆಧಾರರಹಿತ" ಎಂದು ಅವನದೇ ಸಹಿಯೊಂದಿಗೆ ಕಾಗದ ವಾಪಸ್ ಬಂತು. ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೇ ದೂರು ಕೊಟ್ಟರೆ ಇನ್ನೇನಾಗುತ್ತದೆ? ಆಯಮ್ಮ ಆ ಕಾಗದವನ್ನು ಮಡಿಸಿ ಸೋಪಿನ ಡಬ್ಬದೊಳಗಿಟ್ಟಳು. ನೆಲ ಒರೆಸುವವಳ ಬಾಯಿಮಾತು ಯಾರಿಗೂ ಬೇಡ, ಇವರಿಗೆಲ್ಲ ಸಹಿ ಬೇಕು, ಎಂದು ಅರ್ಥವಾಯಿತು. ಆಗಲಿ, ಸಹಿಯನ್ನೇ ಕೊಡೋಣ ಎಂದುಕೊಂಡಳು.

ಇನ್ನು ಕೆಲವೇ ವಾರಗಳಲ್ಲಿ ರಾಜಧಾನಿಯಿಂದ ರಾಷ್ಟ್ರಮಟ್ಟದ ತಪಾಸಣೆ ತಂಡ ಬರುವುದಿತ್ತು. ಮೊದಲ ದಿನ ಆಯಮ್ಮನ ಕೇಂದ್ರ, ಮರುದಿನ ಎರಡನೆಯದು, ಅದರ ಮರುದಿನ ಮೂರನೆಯದು. ಆಯಮ್ಮ ಹೊಸದೊಂದು ರೂಢಿ ಹಾಕಿಕೊಂಡಳು. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರ್ ಇರುತ್ತದಲ್ಲ, ಅದರ ಒಂದು ತುಂಡು ಹರಿದು, ಒರೆಸಿದ ವಸ್ತುವಿಗೆಲ್ಲ ಅಂಟಿಸಿ ತಾರೀಖು ಬರೆಯತೊಡಗಿದಳು. ಪಕ್ಕದಲ್ಲಿ, ನೋಡಿ ಸರಿಯಿದೆ ಎಂದವರ ಸಹಿ. ಮಂಚಕ್ಕೆ, ಬಕೆಟ್ಟಿಗೆ, ತೂಕದ ಯಂತ್ರಕ್ಕೆ, ಎಲ್ಲಕ್ಕೂ ಪ್ಲಾಸ್ಟರ್. ಸಿಸ್ಟರ್ ಸಹಿ ಹಾಕಿ ಹಾಕಿ ಸುಸ್ತಾದಳು. ಶೇಕಡಾ ನೂರು ಬಂದು ನೋಡಿ ಹಿರಿಹಿರಿ ಹಿಗ್ಗಿದ. "ಭೇಷ್! ಇದನ್ನ ವರದಿಯಲ್ಲಿ ಹಾಕಿ, ಮೂರು ಕೇಂದ್ರದಲ್ಲೂ ಇದೆ ಅಂತ ಹಾಕಿ" ಎಂದು ಹೇಳಿ ಹೋದ. ಬೂಟಿನ ಗುರುತು ಕೋಣೆಯ ತುಂಬ ಉಳಿಯಿತು.

ತಪಾಸಣೆಗೆ ಬಂದವರು ಇಬ್ಬರು. ಅದರಲ್ಲಿ ಹಿರಿಯರು ಕನ್ನಡಕದ ಒಬ್ಬ ಹೆಂಗಸು, ಹಸಿರು ಪೆನ್ನಿನಲ್ಲಿ ಬರೆಯುತ್ತಿದ್ದರು. ಕೆಳಗಿನ ನೌಕರರ ಜೊತೆ ಮೇಲಿನವರು ಯಾರೂ ಇಲ್ಲದೆ ಮಾತಾಡಬೇಕು ಎಂಬುದು ಅವರ ನಿಯಮ. ಹೆರಿಗೆ ಕೋಣೆಯ ಬಾಗಿಲು ಹಾಕಿ, ಕೈ ತೊಳೆಯುವ ಕ್ರಮ ತೋರಿಸಿ ಎಂದರು. ಆಯಮ್ಮ ಗಿಳಿಪಾಠದಂತೆ ಆರೂ ಹಂತ ತೋರಿಸಿದಳು. ಯಾವ ಕಸ ಯಾವ ಬಣ್ಣದ ಬುಟ್ಟಿಗೆ ಎಂದರು, ಅದನ್ನೂ ಹೇಳಿದಳು. ಈಗಲೇ ಎಲ್ಲ ಹೇಳಿಬಿಡಲೇ ಎಂದು ಒಂದು ಕ್ಷಣ ಅನಿಸಿತು. ಮೆಷಿನ್ ಕಣ್ಣೆದುರೇ ಇತ್ತು, ಗಾಲಿಗಳು ಕಲೆಗಳ ಮೇಲೆ ಸರಿಯಾಗಿ ಕೂತಿದ್ದವು. ಈಗ ಹೇಳಿದರೆ ಯಾರು ನಂಬುತ್ತಾರೆ?

"ಮೇಡಂ, ಈ ಮೆಷಿನ್ ಇವತ್ತು ನಾನೇ ಒರೆಸಿದೀನಿ. ನೀವೇ ನೋಡಿ ಒಂದು ಸಹಿ ಹಾಕ್ಬಿಡಿ" ಎಂದು ತಾರೀಖು ಬರೆದಿದ್ದ ಎರಡು ಪ್ಲಾಸ್ಟರ್ ತುಂಡುಗಳನ್ನು ರಟ್ಟಿನ ಮೇಲಿಟ್ಟು ಹಿಡಿದಳು.

"ಎರಡು ಯಾಕಮ್ಮಾ?"

"ಒಂದು ಮುಂದುಗಡೆಗೆ. ಇನ್ನೊಂದು ಅಡಿಗೆ. ಧೂಳು ಕೂರೋದು ಅಡೀಲೇ ಅಲ್ವಾ ಮೇಡಂ? ಬೇರೆಯವರು ಕಣ್ಣಿಗೆ ಕಾಣೋದನ್ನ ಒರೆಸ್ತಾರೆ."

ಮೇಡಂ ಮನಸಾರೆ ನಕ್ಕರು. "ಮೂವತ್ತು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ" ಎಂದು ಹಸಿರು ಪೆನ್ನಿನಲ್ಲಿ ಎರಡಕ್ಕೂ ಸಹಿ ಹಾಕಿದರು. ಆಯಮ್ಮ ಒಂದನ್ನು ಮುಂದೆ ಅಂಟಿಸಿದಳು. ಮೆಷಿನ್ನನ್ನು ಓರೆ ಮಾಡಿ, ಇನ್ನೊಂದನ್ನು ಅಡಿಯಲ್ಲಿ ಎರಡು ಗಾಲಿಗಳ ನಡುವೆ ಅಂಟಿಸಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಒತ್ತಿದಳು.

ಸಂಜೆ ನಾಲ್ಕಕ್ಕೆ ತಂಡ ಹೊರಟಿತು. ನಾಲ್ಕೂವರೆಗೆ ಗುಮಾಸ್ತ ಬಂದು ಮುಂದಿನ ಪ್ಲಾಸ್ಟರನ್ನು ಪರಪರ ಕಿತ್ತ, ಹೊಸ ನಂಬರಿನ ಚೀಟಿ ಅಂಟಿಸಿದ, ಕೈ ಝಾಡಿಸಿಕೊಂಡ. ಮೆಷಿನ್ನನ್ನು ಎತ್ತಿ ಗಾಡಿಗೆ ಹಾಕುವಾಗ ಕೆಳಗಿನಿಂದ ಹಿಡಿದವನು ಡ್ರೈವರ್. ಅವನ ಕಣ್ಣು ಅಡಿಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಆಯಮ್ಮನ ಕಡೆ ಹೊರಳಿತು. ಆಯಮ್ಮ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದಳು, ರೆಪ್ಪೆ ಮಿಟುಕಿಸಲಿಲ್ಲ. ಆ ಸೋಮವಾರ ಗಾಡಿ ಓಡಿಸಿದ್ದು ಅವನೇ. ಅಂದಿನಿಂದ ಅವನು ಆಯಮ್ಮನ ಮುಖ ನೋಡಿ ಮಾತಾಡಿರಲಿಲ್ಲ.

"ಏನೋ ಅದು, ತಡ ಯಾಕೆ?" ಎಂದ ಗುಮಾಸ್ತ.

"ಏನಿಲ್ಲ ಸರ್. ಭಾರ" ಎಂದು ಡ್ರೈವರ್ ಮೆಷಿನ್ನನ್ನು ಒಳಗೆ ತಳ್ಳಿ ಬಾಗಿಲು ಹಾಕಿದ.

ಮರುದಿನ ಎರಡನೇ ಕೇಂದ್ರದಲ್ಲಿ ನಡೆದದ್ದನ್ನು ಕಣ್ಣಾರೆ ನೋಡುವ ಭಾಗ್ಯ ಆಯಮ್ಮನಿಗೆ ಇರಲಿಲ್ಲ. ಡ್ರೈವರ್ ಬಂದು ಹೇಳಿದ. ಅವಳು ಮೂರು ಸಲ ಹೇಳಿಸಿಕೊಂಡಳು. ಹಸಿರು ಪೆನ್ನಿನ ಮೇಡಂ ಅಲ್ಲಿಯ ಆಯಾಳಿಗೆ, "ನಿನ್ನೆ ಒಬ್ಬರು ಆಯಮ್ಮ ಮೆಷಿನ್ ಅಡಿ ಕೂಡ ಒರೆಸ್ತೀನಿ ಅಂದ್ರು. ನೀವೂ ಒರೆಸ್ತೀರಾ, ನೋಡೋಣ" ಎಂದು ತಾವೇ ಮೆಷಿನ್ ಓರೆ ಮಾಡಿ ಬಗ್ಗಿದರಂತೆ. ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲವಂತೆ. ಎದ್ದು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರಂತೆ. ಆಮೇಲೆ ಶೇಕಡಾ ನೂರನ್ನು ಕರೆದು, "ಇದು ಯಾರ ಸಹಿ?" ಎಂದರಂತೆ.

"ಅದಕ್ಕೇನಂದ? ಅದಕ್ಕೇನಂದ ಹೇಳು!"

"'ತಮ್ಮದೇ ಇರಬೇಕು ಮೇಡಂ' ಅಂದ ಅಕ್ಕಾ! ಇಂಗು ತಿಂದ ಮಂಗನ ಹಾಗೆ ನಿಂತಿದ್ದ."

ಆಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ತಿಂಗಳ ಮೇಲೆ ಅದೇ ಅವಳ ಮೊದಲ ನಗು. ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ. ಡ್ರೈವರ್ ತಲೆ ತಗ್ಗಿಸಿ, "ಅವತ್ತು ನಾನು ಗಾಡಿ ತಿರುಗಿಸಿಕೊಂಡು ಬರಬೇಕಿತ್ತು ಅಕ್ಕಾ" ಎಂದ. "ಬರಬೇಕಿತ್ತು" ಎಂದಳು ಆಯಮ್ಮ. ಅವನ ಲೆಕ್ಕವನ್ನು ಅಲ್ಲಿಗೆ ಬಿಟ್ಟಳು.

ವಿಚಾರಣೆ ಶುರುವಾಯಿತು. ಆದರೆ ಶೇಕಡಾ ನೂರು ಸಾಮಾನ್ಯದ ಆಸಾಮಿಯಲ್ಲ, ನೀರಲ್ಲಿ ಮುಳುಗಿಸಿದರೂ ಒಣಗಿದ ಬಟ್ಟೆಯಲ್ಲಿ ಏಳುವವನು. ತಪಾಸಣೆಯ ಮೊದಲ ದಿನ ಸಂಜೆ ಎರಡನೇ ಕೇಂದ್ರದಲ್ಲಿ ರೋಗಿಯೊಬ್ಬನಿಗೆ ತುರ್ತಾಗಿ ಬೇಕಾಗಿ, ಅದೊಂದು ಸಲ ಮಾತ್ರ ಮೆಷಿನ್ ಸಾಗಿಸಿದೆವು ಎಂದು ಹೇಳಿಕೆ ಕೊಟ್ಟ. ಗುಮಾಸ್ತ ಹೌದೆಂದು ಸಹಿ ಹಾಕಿದ. ಡ್ರೈವರ್ ಮಾತ್ರ, "ಆಯಮ್ಮ ಏನು ಹೇಳ್ತಾರೋ ಅದೇ ನಂದೂ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅದೊಂದು ಸಲ ಬಿಟ್ಟರೆ ಮೆಷಿನ್ ಯಾವತ್ತೂ ಜಾಗ ಬಿಟ್ಟು ಕದಲಿಲ್ಲ ಎಂದು ಅದನ್ನು ದಿನಾ ಒರೆಸುವವಳೇ ಬರೆದುಕೊಟ್ಟರೆ ಅವನು ಬಚಾವು. ವಿಚಾರಣಾಧಿಕಾರಿ ಬರಲು ಇನ್ನೂ ನಾಲ್ಕು ದಿನವಿತ್ತು. ಅಲ್ಲಿಯವರೆಗೆ ಕುರ್ಚಿ ಅವನದೇ.

ಒಂದು ಮಧ್ಯಾಹ್ನ ಅವನೇ ಬಂದ. ಆಯಮ್ಮ ಹೆರಿಗೆ ಕೋಣೆ ಒರೆಸುತ್ತಿದ್ದಳು.

"ಬೂಟು ಹೊರಗೆ ಬಿಡಿ ಸರ್."

ಅವನು ಬಿಟ್ಟ. ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುತ್ತಿತ್ತು. ಟೈಪು ಮಾಡಿಸಿದ ಕಾಗದ ಮುಂದೆ ಹಿಡಿದು, "ನೀವು ತಾಯಿ ಸಮಾನ. ಒಂದು ಸಹಿ ಹಾಕ್ಬಿಡಿ ಆಯಮ್ಮ. ಮುಂದೆ ನಿಮಗೆ ಏನು ಬೇಕೋ ನೋಡಿಕೊಳ್ತೀನಿ" ಎಂದ. ಇಪ್ಪತ್ತಾರು ವರ್ಷದಲ್ಲಿ ಯಾವ ದೊಡ್ಡ ಅಧಿಕಾರಿಯೂ ಅವಳಿಗೆ ಬಹುವಚನ ಹಾಕಿರಲಿಲ್ಲ.

"ಮುಂದಿಂದು ಬೇಡ ಸರ್, ಹಿಂದಿಂದು ಒಂದಿದೆ" ಎಂದು ಆಯಮ್ಮ ಡಾಕ್ಟರನ್ನು ಕರೆದಳು, ಹೆರಿಗೆ ರಿಜಿಸ್ಟರ್ ತರಿಸಿದಳು. "ಆ ಸೋಮವಾರದ್ದು ತಿದ್ದಿ. ನಿಮ್ಮ ಹುಕುಮಿಲ್ಲದೆ ತಿದ್ದಲ್ಲ ಅಂತಾರೆ ಡಾಕ್ಟ್ರು. ಹುಟ್ಟಿದಾಗ ಜೀವ ಇತ್ತು ಅಂತ ಬರೀರಿ. ಟೈಮೂ ಬರೀರಿ. ನಿಮ್ಮ ಕಾಗದದ ಮಾತು ಆಮೇಲೆ."

ಅವನು ಲೆಕ್ಕ ಹಾಕಿದ. ಅವನ ಹಣೆಯ ಮೇಲೆ ಆ ಲೆಕ್ಕ ಕಾಣುತ್ತಿತ್ತು. ಎಂದೋ ಸತ್ತ ಕೂಸು. ಸೊನ್ನೆ ಹೋಗಿ ಒಂದಾಗುತ್ತದೆ, ಅಷ್ಟೇ ತಾನೇ? ಮೆಷಿನ್ನಿನ ಸುದ್ದಿ ಅದರಲ್ಲಿ ಬರುವುದಿಲ್ಲವಲ್ಲ. ಹಳೆಯ ಸಾಲು ಹೊಡೆದು ಬರೆದ: ಜೀವಂತ ಜನನ, ಹನ್ನೊಂದು ಹತ್ತು. ಉಸಿರಾಟದ ತೊಂದರೆಯಿಂದ ಮರಣ, ಹನ್ನೊಂದು ಐವತ್ತು. ಸಹಿ, ತಾರೀಖು. ಡಾಕ್ಟರು ಪೆನ್ನು ಈಸಿಕೊಂಡು, ಯಾರೂ ಹೇಳದೆಯೇ, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಆಯಮ್ಮ ಅವನ ಟೈಪು ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಳು. "ಇದರಲ್ಲಿರೋದು ಸುಳ್ಳು. ಹಾಕಲ್ಲ. ವಿಚಾರಣೆಯವರು ಬಂದಾಗ ಒಂದೇ ಮಾತು ಕೇಳ್ತೀನಿ: ಉಸಿರಿಲ್ಲದೆ ಒದ್ದಾಡೋ ಕೂಸಿಗೆ ನಲವತ್ತು ನಿಮಿಷ ಯಾಕೆ ಮೆಷಿನ್ ಹಾಕಲಿಲ್ಲ ಅಂತ. ಅದೇ ದಿನ ಎರಡನೇ ಕೇಂದ್ರದಲ್ಲಿ ನೀವು ತೆಗೆಸಿದ ಫೋಟೋ ರಾಜಧಾನೀಲೇ ಇದೆಯಲ್ಲ, ಅವರೇ ನೋಡಿಕೊಳ್ತಾರೆ."

ಶೇಕಡಾ ನೂರು ರಿಜಿಸ್ಟರಿಗೆ ಕೈ ಚಾಚಿದ. ಡಾಕ್ಟರು ಅದನ್ನು ಎದೆಗವಚಿಕೊಂಡು ಹಿಂದೆ ಸರಿದರು.

"ನಿನಗೆ ಸ್ವಲ್ಪಾನೂ ಕರುಣೆ ಇಲ್ವಾ? ನನಗೂ ಹೆಂಡತಿ ಮಕ್ಕಳಿದಾರೆ!" ಬಹುವಚನ ಆಗಲೇ ಮುಗಿದಿತ್ತು.

"ಇತ್ತು ಸರ್. ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತರವರೆಗೂ ಇತ್ತು. ಆಗ ಫೋನ್ ಮಾಡಿದ್ದು ನಿಮಗೇ."

ಅವನು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಟ. ಹಿಂದಿನಿಂದ ಆಯಮ್ಮ, ಅವನು ನಿಂತಿದ್ದ ಜಾಗವನ್ನು ಎರಡು ಸಲ ಒರೆಸಿದಳು.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಕುಡಿದ, ಕೆಲಸದಿಂದ ಅಮಾನತ್ತಾಯಿತು, ಕೇಸಾಯಿತು. ರಿಪೇರಿಯವರು ಬಂದು ಕೆಟ್ಟ ಮೆಷಿನ್ನುಗಳನ್ನು ಒಂದೇ ಬೆಳಿಗ್ಗೆಯಲ್ಲಿ ಸರಿಮಾಡಿದರು. ಎರಡಕ್ಕೂ ಹೋಗಿದ್ದದ್ದು ಅಂಗೈಯಷ್ಟು ಅಗಲದ ಒಂದು ಫಿಲ್ಟರ್.

ಮಗುವಿನ ಜನನದ್ದೊಂದು, ಮರಣದ್ದೊಂದು, ಒಂದೇ ತಾರೀಖಿನ ಎರಡು ಪತ್ರಗಳು ಕೈಗೆ ಬಂದ ದಿನ ಆಯಮ್ಮ ಅವನ್ನು ಹಿಡಿದು ಮಗಳ ಮನೆಗೆ ನಡೆದಳು. ಗೆದ್ದ ಕಾಲುಗಳು, ನೆಲ ಮುಟ್ಟುತ್ತಿರಲಿಲ್ಲ. ಅತ್ತೆ ಎದುರಿಗೇ ಕೂತಿದ್ದಳು. ಅವಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ನಡೆದದ್ದೆಲ್ಲ ಹೇಳಿದಳು. ಸಹಿ, ಕನ್ನಡಕ, ಹರಿದ ಕಾಲುಚೀಲ, ಎಲ್ಲ. ಅತ್ತೆ ತೆಪ್ಪಗೆ ಎದ್ದು ಒಳಗೆ ಹೋದಳು.

ಮಗಳು ಎರಡೂ ಪತ್ರಗಳನ್ನು ನಿಧಾನವಾಗಿ ಓದಿದಳು. ಹನ್ನೊಂದು ಹತ್ತು ಎಂಬುದರ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ.

"ಅತ್ತಿತ್ತು."

"ಹೂಂ ಕಂದಾ. ಅತ್ತಿತ್ತು."

"ನನಗೆ ಕೇಳಿಸಿತ್ತು. ಟ್ರಾಲಿ ಸದ್ದು ಅಂದಿದ್ದು ಯಾರಮ್ಮಾ?"

ಬೇರೆಯವರ ಹೆಸರುಗಳನ್ನೆಲ್ಲ ಆಯಮ್ಮ ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ಇದೊಂದು ಅದರಲ್ಲಿ ಇರಲಿಲ್ಲ.

"ನಾನು" ಎಂದಳು.

"ಮೂರು ತಿಂಗಳು ನನಗೇ ಹುಚ್ಚು ಅಂದುಕೊಂಡಿದ್ದೆ" ಎಂದಳು ಮಗಳು. ಅವಳು ದನಿ ಎತ್ತಲಿಲ್ಲ. ಎದ್ದು ಹೋಗಿ ಒಂದು ಹಾಳೆ, ಒಂದು ಪೆನ್ನು ತಂದಳು. ಕೂತು ಬರೆದಳು. ಬರೆದದ್ದನ್ನು ಓದಿ ಹೇಳಿದಳು: "ನನ್ನ ಮೊಮ್ಮಗಳು ಹುಟ್ಟಿದಾಗ ಅತ್ತಳು. ನನಗೆ ಗೊತ್ತಿದ್ದೂ ಅವಳ ತಾಯಿಗೆ ಇಲ್ಲ ಅಂದೆ."

ಹಾಳೆಯನ್ನು ಆಯಮ್ಮನ ಕಡೆ ಸರಿಸಿದಳು. ಆಯಮ್ಮ ಪೆನ್ನು ತೆಗೆದುಕೊಂಡು ತಾರೀಖು ಬರೆದಳು. ಪಕ್ಕದಲ್ಲಿ ಸಹಿ ಹಾಕಿದಳು.